ಬಾಕಿ ಕೂಲಿಗೆ ಉತ್ತರ ಕೊಡುವವರು ಯಾರು?

2025ರ ಆಗಸ್ಟ್ 5ರಂದು ಸಾರಿಗೆ ನೌಕರರ ಮುಷ್ಕರ ಶುರುವಾದ ಬೆಳಿಗ್ಗೆ ನಮ್ಮ ತ್ಯಾಮಗೊಂಡ್ಲು ಬಸ್ ನಿಲ್ದಾಣದಲ್ಲಿ ನಾನೂ ನಿಂತಿದ್ದೆ. ನೆಲಮಂಗಲದ ಕಾಲೇಜಿಗೆ ಹೋಗುವ ಮಕ್ಕಳು, ದಾಬಸ್‌ಪೇಟೆಯ ಕಾರ್ಖಾನೆಗೆ ಹೊರಟ ಹೆಣ್ಣುಮಕ್ಕಳು ರಸ್ತೆ ನೋಡುತ್ತಾ ಕಾಯುತ್ತಿದ್ದರು. ದುಡ್ಡಿದ್ದವರು ಆಟೋ ಹತ್ತಿದರು, ಇಲ್ಲದವರು ಮನೆಗೆ ತಿರುಗಿದರು. ಆ ವಾರದ ಶಿವಾನುಭವ ಗೋಷ್ಠಿಯಲ್ಲಿ ಇದೇ ಮಾತು ಬಂತು. ಹಿರಿಯರೊಬ್ಬರು, "ಕಾಯಕ ಮಾಡುವವನು ಕೂಲಿಗಾಗಿ ಬೀದಿಗಿಳಿಯಬಾರದು, ಇದು ಶರಣರ ದಾರಿಯಲ್ಲ" ಎಂದರು. ಹಲವರು ತಲೆದೂಗಿದರು. ಅಂದು ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪೆಂದು ಆಮೇಲೆ ಅನ್ನಿಸಿತು. ಆ ಹಿರಿಯರ ಮೇಲಿನ ಗೌರವದಿಂದಲೇ ಈಗ ಉತ್ತರ ಬರೆಯುತ್ತಿದ್ದೇನೆ.

ಮೊದಲು ವಿಷಯ ಏನೆಂದು ನೋಡೋಣ. ನಮ್ಮ ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನೌಕರರಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ಅವರ ವೇತನ ಪರಿಷ್ಕರಣೆ ಆಗಬೇಕೆಂಬುದು ನಡೆದು ಬಂದ ಪದ್ಧತಿ. 2016ರಲ್ಲಿ ಆಯಿತು. ಮುಂದಿನದು 2020ರ ಜನವರಿ 1ಕ್ಕೆ ಆಗಬೇಕಿತ್ತು. ಆದರೆ ಶೇ. 15ರ ಹೆಚ್ಚಳ ಜಾರಿಗೆ ಬಂದದ್ದು 2023ರ ಮಾರ್ಚ್ 1ರಿಂದ. ನಡುವಿನ 38 ತಿಂಗಳ ವ್ಯತ್ಯಾಸದ ಹಣವೇ ಮುಷ್ಕರದಲ್ಲಿ ಕೇಳಿದ ಹಿಂಬಾಕಿ. ನೌಕರರ ಸಂಘಗಳ ಲೆಕ್ಕದಲ್ಲಿ ಅದು ಸುಮಾರು 1,785 ಕೋಟಿ ರೂಪಾಯಿ. ಅಷ್ಟರಲ್ಲಿ 2024ರ ಜನವರಿ 1ರ ಪರಿಷ್ಕರಣೆಯ ಗಡುವೂ ದಾಟಿತು.

ಈ ಕಡತ ಎಷ್ಟು ಮಂತ್ರಿಗಳ ಕೈ ದಾಟಿದೆ ನೋಡಿ. ಲಕ್ಷ್ಮಣ ಸವದಿಯವರು ಸಾರಿಗೆ ಮಂತ್ರಿಯಾಗಿದ್ದಾಗ 2020ರ ಡಿಸೆಂಬರ್‌ನಲ್ಲಿ ಮುಷ್ಕರ ನಡೆಯಿತು. ಹತ್ತು ಬೇಡಿಕೆಗಳಲ್ಲಿ ಒಂಬತ್ತಕ್ಕೆ ಒಪ್ಪಿದ್ದೇವೆ ಎಂದು ಸರ್ಕಾರ ಹೇಳಿತು. ಆರನೇ ವೇತನ ಆಯೋಗದ ಸಮಾನ ವೇತನದ ಪ್ರಶ್ನೆ ಹಾಗೇ ಉಳಿದು, 2021ರ ಏಪ್ರಿಲ್‌ನಲ್ಲಿ ಎರಡು ವಾರ ಬಸ್ಸುಗಳು ನಿಂತವು. ಆಮೇಲೆ ಶ್ರೀರಾಮುಲು ಬಂದರು, ಅವರ ಕಾಲದಲ್ಲಿ ಶೇ. 15 ಸಿಕ್ಕಿತು. 2025ರ ಮುಷ್ಕರದ ಹೊತ್ತಿಗೆ ರಾಮಲಿಂಗಾರೆಡ್ಡಿಯವರಿದ್ದರು. ಆಗಸ್ಟ್ 4ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸಂಘಗಳೊಂದಿಗೆ ಮಾತಾಡಿದರು. 14 ತಿಂಗಳ ಹಿಂಬಾಕಿಯ ಮಾತು ಬಂತು, 38 ತಿಂಗಳಿಗೆ ಒಪ್ಪಿಗೆ ಸಿಗಲಿಲ್ಲ. ಮರುದಿನ ಮುಷ್ಕರ, ಹೈಕೋರ್ಟ್ ಮಧ್ಯಪ್ರವೇಶ, ಅದೇ ದಿನ ಮುಷ್ಕರ ಮುಂದೂಡಿಕೆ.

ಇದರಲ್ಲಿ ಪಕ್ಷ ಹುಡುಕಬೇಡಿ, ಎರಡೂ ಪಕ್ಷಗಳಿವೆ. ಕೇಳಿದಾಗಲೆಲ್ಲ ಬರುವ ಉತ್ತರ ಎರಡೇ: "ಹಣವಿಲ್ಲ", ಇಲ್ಲವೇ "ಹಿಂದಿನ ಸರ್ಕಾರ ಮಾಡಿಟ್ಟದ್ದು". ಮಂತ್ರಿ ಬದಲಾಗಬಹುದು, ಸರ್ಕಾರ ಬದಲಾಗುವುದಿಲ್ಲ. ಹಿಂದಿನ ಸರ್ಕಾರ ಮಾಡಿದ ಸಾಲಕ್ಕೆ ಇಂದಿನ ಸರ್ಕಾರ ಬ್ಯಾಂಕಿಗೆ ಬಡ್ಡಿ ಕಟ್ಟುತ್ತದೆ. ಕಂಡಕ್ಟರನ ಬಾಕಿ ಮಾತ್ರ ಹಿಂದಿನವರದು ಹೇಗಾಗುತ್ತದೆ?

ನಾನು ಇಂಜಿನಿಯರಾಗಿ ಸರ್ಕಾರಿ ಸೇವೆಯಲ್ಲಿದ್ದವನು. ನಮ್ಮಲ್ಲಿ ಅಳತೆ ಪುಸ್ತಕ ಎಂಬುದಿದೆ. ಕೆಲಸ ನೋಡದೆ ಅದರಲ್ಲಿ ಒಂದು ಸಾಲೂ ಬರೆಯುವಂತಿಲ್ಲ. ಆದರೆ ಅಳತೆ ಬರೆದು ಸಹಿ ಹಾಕಿದ ಮೇಲೆ ಆ ಹಣ ಸರ್ಕಾರದ ಋಣ. ಬಿಲ್ಲು ತಡವಾಗಬಹುದು, ಇಲ್ಲವಾಗುವಂತಿಲ್ಲ. ಆ 38 ತಿಂಗಳಲ್ಲಿ ಕೊರೊನಾ ಕಾಲವೂ ಸೇರಿದೆ. ಬಸ್ಸು ಓಡಿಸಿದ ಕೆಲಸ ಮುಗಿದಿದೆ. ಉಳಿದಿರುವುದು ಬಿಲ್ಲು ಮಾತ್ರ.

ಇಲ್ಲಿ ನನ್ನದೇ ಲೆಕ್ಕವನ್ನೂ ಹೇಳಬೇಕು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಅದೇ ದಿನ ಬೊಮ್ಮಾಯಿಯವರ ಸರ್ಕಾರ ಶೇ. 17ರ ಮಧ್ಯಂತರ ಪರಿಹಾರ ಪ್ರಕಟಿಸಿತು. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಅದರ ವಾರ್ಷಿಕ ಹೊರೆ 20,208 ಕೋಟಿ ರೂಪಾಯಿ ಎಂದು ಸರ್ಕಾರವೇ ಹೇಳಿತು. ನನ್ನ ಪಿಂಚಣಿಯೂ ಹೆಚ್ಚಿತು. ನಾನು ಒಂದು ದಿನವೂ ಬೀದಿಗಿಳಿಯಲಿಲ್ಲ, ಯಾರೂ ನನಗೆ ಕಾಯಕದ ಪಾಠ ಹೇಳಲಿಲ್ಲ. ನಮ್ಮೂರಿನ ಕಡೆ ಬರುವ ಕಂಡಕ್ಟರೊಬ್ಬರು ನಗುತ್ತಲೇ ಕೇಳಿದರು: "ಸಾರ್, ನಿಮಗೆ ಸಿಕ್ಕಿದ್ದು ಹಕ್ಕು, ನಾವು ಕೇಳಿದ್ರೆ ದುರಾಸೆನಾ?" ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಮಾತು. ಸರ್ಕಾರಿ ನೌಕರರ ಶೇ. 17, ಸಾರಿಗೆ ನೌಕರರ ಶೇ. 15, ಎರಡೂ ಆದೇಶ ಬಂದದ್ದು 2023ರ ಮಾರ್ಚ್‌ನಲ್ಲಿ. ವಿಧಾನಸಭೆಗೆ ಮತದಾನ ನಡೆದದ್ದು ಮೇ 10ಕ್ಕೆ. ಕೂಲಿ ನಿರ್ಧಾರವಾಗಬೇಕಾದದ್ದು ಗಡುವಿನ ದಿನಕ್ಕೆ, ಚುನಾವಣೆಯ ದಿನಕ್ಕಲ್ಲ.

ಹಿರಿಯರು ಅಂದು ಆಯ್ದಕ್ಕಿ ಲಕ್ಕಮ್ಮನವರ ಉದಾಹರಣೆ ಕೊಟ್ಟರು. ಗಂಡ ಮಾರಯ್ಯ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲಿಗೇ ಸುರಿದು ಬನ್ನಿ ಎಂದ ತಾಯಿ ಆಕೆ. ನಿಜ. ಆದರೆ ಆಕೆ ಹೇಳಿದ್ದು ಬೇಕಾದದ್ದಕ್ಕಿಂತ ಹೆಚ್ಚು ತಂದ ತನ್ನ ಮನೆಯವನಿಗೆ. ದುಡಿದವನಿಗೆ ಸಲ್ಲಬೇಕಾದ ಅಕ್ಕಿಯನ್ನು ಕಣಜದಲ್ಲೇ ಹಿಡಿದಿಡಿ ಎಂದು ಯಾವ ಶರಣರೂ ಹೇಳಿಲ್ಲ. ಬಸವಣ್ಣನವರು ಸ್ವತಃ ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹಣ ದುರುಪಯೋಗವಾಗಿದೆ ಎಂದು ಚಾಡಿ ಹೇಳಿದಾಗ ಅವರು ಲೆಕ್ಕ ಒಪ್ಪಿಸಿದರು, ಲೆಕ್ಕ ಸರಿಯಾಗಿತ್ತು ಎಂದು ಚರಿತೆಗಳು ಹೇಳುತ್ತವೆ. ಮಂತ್ರಿ ಉತ್ತರ ಕೊಡುವುದೆಂದರೆ ಇದೇ, ಲೆಕ್ಕ ಬಿಚ್ಚಿಡುವುದು.

ನೌಕರರ ಸಂಘಗಳಿಗೂ ಒಂದು ಮಾತಿದೆ. ಬಸ್ಸು ನಿಂತರೆ ಮಂತ್ರಿಯ ಕಾರು ನಿಲ್ಲುವುದಿಲ್ಲ. ನಿಲ್ಲುವುದು ದಾಬಸ್‌ಪೇಟೆಗೆ ಹೊರಟ ಹೆಣ್ಣುಮಗಳ ಅಂದಿನ ದುಡಿಮೆ. ಸಾರ್ವಜನಿಕ ಸೇವೆಯಲ್ಲಿ ಮುಷ್ಕರಕ್ಕೆ 14 ದಿನ ಮೊದಲು ನೋಟಿಸು ಕೊಡಬೇಕು, ರಾಜಿ ಮಾತುಕತೆ ನಡೆಯುವಾಗ ಕೆಲಸ ನಿಲ್ಲಿಸಬಾರದು ಎಂದು ಮುಷ್ಕರದ ಹೊತ್ತಿಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಳಿದ್ದು ಇಂಥವರ ಸಲುವಾಗಿಯೇ. ಆದರೆ ಆ ನೋಟಿಸಿನ ದಿನಗಳು ಇರುವುದು ಮಾತಾಡಲಿಕ್ಕೆ. ಕೊನೆಯ ದಿನದವರೆಗೆ ಸುಮ್ಮನಿದ್ದು, ಹಿಂದಿನ ಸಂಜೆ ಸಭೆ ಕರೆದರೆ ಅದು ಮಾತುಕತೆಯಲ್ಲ.

ಆಗಬೇಕಾದದ್ದು ಕಷ್ಟದ್ದೇನಲ್ಲ. ಪರಿಷ್ಕರಣೆಯ ಗಡುವಿಗೆ ಆರು ತಿಂಗಳು ಮೊದಲೇ ಮಾತುಕತೆ ಶುರುವಾಗಲಿ. ಸಾರಿಗೆ ಮಂತ್ರಿಯೂ ಹಣಕಾಸು ಮಂತ್ರಿಯೂ ಒಂದೇ ಮೇಜಿಗೆ ಬರಲಿ. ನಿಗಮಗಳ ಆದಾಯ, ಸಾಲ, ಶಕ್ತಿ ಯೋಜನೆಯಡಿ ಸರ್ಕಾರ ಕೊಟ್ಟದ್ದು, ಕೊಡಬೇಕಾದದ್ದು, ಎಲ್ಲವೂ ಸದನದಲ್ಲಿ ಒಂದು ಹಾಳೆಯ ಮೇಲೆ ಬರಲಿ. ಒಮ್ಮೆಗೇ ಹಣ ಕೊಡಲಾಗದಿದ್ದರೆ ಕಂತು ಮಾಡಲಿ, ಆದರೆ ಪ್ರತಿ ಕಂತಿಗೂ ದಿನಾಂಕ ಇರಲಿ. ದಿನಾಂಕ ಬರೆದು ಸಹಿ ಹಾಕಿದ ಕಾಗದ ಕೈಯಲ್ಲಿದ್ದರೆ ನೌಕರ ಕಾಯುತ್ತಾನೆ. ಬರಿಯ ಭರವಸೆಗೆ ಅವನು ಐದು ವರ್ಷ ಕಾದಾಗಿದೆ.

ನಮ್ಮ ಮಠಗಳಿಗೆ ಮಂತ್ರಿಗಳು ಬರುತ್ತಾರೆ, ಸನ್ಮಾನ ಸ್ವೀಕರಿಸುತ್ತಾರೆ, ಕಾಯಕ ದಾಸೋಹದ ಬಗ್ಗೆ ಮಾತಾಡುತ್ತಾರೆ. ಮುಂದಿನ ಬಾರಿ ಶಾಲು ಹೊದಿಸುವ ಮೊದಲು ಈ ಲೆಕ್ಕ ಕೇಳೋಣ. ಆ ಹಿರಿಯರೂ ನನ್ನ ಪಕ್ಕದಲ್ಲಿ ನಿಂತು ಕೇಳಿದರೆ ನನಗೆ ಬಲು ಸಂತೋಷ.