'ಜುಗಾರಿ ಕ್ರಾಸ್' ಓದಿದ ಮೇಲೆ

ಬೇಲಾಪುರದಲ್ಲಿ ಹಾರ್ಬರ್ ಮಾರ್ಗದ ಗಾಡಿ ಹತ್ತಿ ಚೆಂಬೂರಿನಲ್ಲಿ ಇಳಿಯಬೇಕಾಗಿದ್ದ ನಾವು ಮೊನ್ನೆ ಕುರ್ಲಾ ಬರುವ ತನಕ ತಲೆಯೆತ್ತಲಿಲ್ಲ. ಕೈಯಲ್ಲಿದ್ದುದು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. ನಿಲ್ದಾಣ ತಪ್ಪಿತೆಂಬ ಬೇಸರಕ್ಕಿಂತ, ಓದುಗನಿಗೆ ತಾನಿಳಿಯುವ ಊರನ್ನೇ ಮರೆಸಬಲ್ಲ ಪುಸ್ತಕ ನಮ್ಮ ಭಾಷೆಯಲ್ಲಿದೆಯೆಂಬ ಸಂತೋಷವೇ ಹೆಚ್ಚಾಯಿತು. ಅದನ್ನು ವಾಚಕ ಬಾಂಧವರೊಡನೆ ಹಂಚಿಕೊಳ್ಳುವ ಇಚ್ಛೆಯಿಂದ ಈ ನಾಲ್ಕು ಮಾತು.

ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವ ವಿದ್ವಾಂಸರು ಇಂದಿಗೂ ಇದ್ದಾರೆ. ಅದು ಕಾಲಹರಣದ ಸರಕು, ಸಾಹಿತ್ಯವಲ್ಲ ಎಂಬುದು ಅವರ ತೀರ್ಪು. ಆದರೆ 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನನ್ನು ಕನ್ನಡಿಗರ ಮುಂದೆ ನಿಲ್ಲಿಸಿದ ಎನ್. ನರಸಿಂಹಯ್ಯನವರನ್ನು ಮರೆಯಬಹುದೇ? ತಾವೇ ಹೆಚ್ಚು ಶಾಲೆ ಕಾಣದ ಆ ಲೇಖಕರು ಐನೂರಕ್ಕೂ ಮೀರಿ ಕಾದಂಬರಿಗಳನ್ನು ಬರೆದರು. ಮೇಜುಗಳನ್ನು ಒರಸಿ, ಬಾಗಿಲು ಹಾಕಿದ ಮೇಲೆ ಹೋಟೆಲಿನ ಮೂಲೆಯ ದೀಪದಡಿಯಲ್ಲಿ ಇಂತಹ ಅಗ್ಗದ ಪುಸ್ತಕಗಳನ್ನು ಓದಿದ ಎಷ್ಟೋ ಹುಡುಗರಿಗೆ ರಾತ್ರಿ ಶಾಲೆಯ ಅಕ್ಷರ ಕೈತಪ್ಪದೆ ಉಳಿಯಿತು. ವಿದ್ವತ್ಪೂರ್ಣ ಗ್ರಂಥಗಳು ಮಾಡದ ಉಪಕಾರವಿದು.

1994ರಲ್ಲಿ ಪ್ರಕಟವಾದ 'ಜುಗಾರಿ ಕ್ರಾಸ್' ಈ ದಾರಿಯಲ್ಲೇ ಸಾಗಿ ಇನ್ನೂ ಮುಂದೆ ಹೋಗುತ್ತದೆ. ಏಲಕ್ಕಿ ಬೆಳೆಗಾರನಾದ ಸುರೇಶ, ಅವನ ಹೆಂಡತಿ ಗೌರಿ. ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ ದಾರಿಗಳು ಕೂಡುವ ಒಂದು ತಾಣ. ಹಳೆಯ ಕಾವ್ಯವೊಂದರೊಳಗೆ ಅಡಗಿದ ಒಗಟು. ಕೆಂಪು ಕಲ್ಲುಗಳ ಆಸೆ. ಕಾಡನ್ನು ದೋಚುವವರ ಗುಪ್ತ ವ್ಯವಹಾರ. ಇಷ್ಟೆಲ್ಲವೂ ಒಂದು ಹಗಲು ಒಂದು ರಾತ್ರಿಯ ಅವಧಿಯಲ್ಲಿ ನಡೆದುಹೋಗುತ್ತದೆ. ರಹಸ್ಯವೇನೆಂಬುದನ್ನು ನಾವು ಇಲ್ಲಿ ಬಿಚ್ಚಿಡುವುದಿಲ್ಲ. ಓದಲಿರುವವರಿಗೆ ಅದಕ್ಕಿಂತ ದೊಡ್ಡ ದ್ರೋಹ ಬೇರೊಂದಿಲ್ಲ.

ಸಾಧಾರಣ ಪತ್ತೇದಾರಿ ಕಥೆಯಲ್ಲಿ ಕೊಂದವನಾರೆಂದು ತಿಳಿದೊಡನೆ ಪುಸ್ತಕ ಮುಗಿಯಿತು. ಇಲ್ಲಿ ಹಾಗಲ್ಲ. ಬೆಳೆದವನ ಬೆವರಿಗೆ ಬೆಲೆ ಕಟ್ಟುವವರಾರು, ಕಾಡಿನ ಸಂಪತ್ತು ಯಾರ ಪಾಲಾಗುತ್ತದೆ, ಕಣ್ಣಾರೆ ಕಂಡವರೂ ಏಕೆ ಬಾಯಿ ಬಿಡುವುದಿಲ್ಲ ಎಂಬ ಪ್ರಶ್ನೆಗಳು ಕೊನೆಯ ಪುಟದ ನಂತರವೂ ಕಾಡುತ್ತವೆ. 1985ರ 'ಚಿದಂಬರ ರಹಸ್ಯ'ದಲ್ಲಿಯೂ ತೇಜಸ್ವಿಯವರು ಏಲಕ್ಕಿಯ ನಾಡನ್ನೇ ಆರಿಸಿಕೊಂಡು, ವಿಜ್ಞಾನಿಯೊಬ್ಬನ ಸಾವಿನ ಸುತ್ತ ಕಥೆ ಹೆಣೆದಿದ್ದರು. ಏಲಕ್ಕಿ ನಮಗೇನು ಪರಕೀಯವೇ? ವಾಶಿಯ ಮಸಾಲೆ ಮಾರುಕಟ್ಟೆಯಲ್ಲಿ ಅದರ ಮೂಟೆಗಳಿಳಿಯುತ್ತವೆ. ನಮ್ಮ ಹೋಟೆಲುಗಳಲ್ಲಿ ದಿನವೂ ಅದನ್ನು ಕುಟ್ಟಿ ಚಹಕ್ಕೆ ಹಾಕುತ್ತೇವೆ. ಆ ಪರಿಮಳದ ಹಿಂದೆ ಎಷ್ಟು ಭಯ, ಎಷ್ಟು ಸಾಲ, ಎಷ್ಟು ಮೋಸವಿರಬಹುದೆಂದು ಈ ಪುಸ್ತಕ ಓದುವ ತನಕ ನಾವು ಯೋಚಿಸಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ದೋಷಗಳಿಲ್ಲವೆಂದಲ್ಲ. ಒಂದೇ ದಿನದಲ್ಲಿ ಇಷ್ಟು ಆಕಸ್ಮಿಕಗಳು ಕೂಡಿಬರುವುದು ಅಲ್ಲಲ್ಲಿ ಅತಿಯೆನಿಸುತ್ತದೆ. ಕೆಲವು ಪಾತ್ರಗಳು ಪೂರ್ತಿ ಪರಿಚಯವಾಗುವ ಮೊದಲೇ ಮರೆಯಾಗುತ್ತವೆ. ಆದರೂ ಕಥೆಯ ಓಟದಲ್ಲಿ ಓದುಗನು ಇವನ್ನು ಮನ್ನಿಸುತ್ತಾನೆ.

ನಾವು ಲೇಖನಿ ಹಿಡಿದುದಕ್ಕೆ ಇನ್ನೊಂದು ಕಾರಣವಿದೆ. ಆಂಗ್ಲ ಶಾಲೆಯಲ್ಲಿ ಕಲಿಯುತ್ತಿರುವ ನಮ್ಮ ಮಗನಿಗೆ ಈ ಕಾದಂಬರಿಯ ಮೊದಲ ಭಾಗವನ್ನು ಒಂದು ರಾತ್ರಿ ಓದಿ ಹೇಳಿದೆವು. ಕುತೂಹಲ ಕೆರಳಿದಲ್ಲಿ ನಿಲ್ಲಿಸಿ ಮಲಗಿದೆವು. ಮರುದಿನ ಕೆಲಸದಿಂದ ತಡವಾಗಿ ಮನೆಗೆ ಬಂದಾಗ ಪುಸ್ತಕ ಅವನ ಮಡಿಲಲ್ಲಿತ್ತು. ಓದಲು ಬಾರದೆ ಬರಿದೆ ಪುಟ ತಿರುವುತ್ತಿದ್ದ. "ಅಪ್ಪಾ, ಮುಂದೇನಾಯಿತು?" ಎಂದು ಕೇಳಿದ. ನಮಗೆ ನಾಚಿಕೆಯಾಯಿತು. ಮನೆಯಲ್ಲಿ ಕನ್ನಡ ಆಡಿದರೆ ಸಾಕೆಂದು ನಂಬಿ ಅಕ್ಷರ ಕಲಿಸದೆ ಇದ್ದವರು ನಾವೇ. ಈ ಪ್ರಕರಣದಲ್ಲಿ ಅಪರಾಧಿಯನ್ನು ಹುಡುಕಲು ಪತ್ತೇದಾರನ ಅಗತ್ಯವಿಲ್ಲ.

ಅಂದಿನಿಂದ ದಿನಕ್ಕೆ ನಾಲ್ಕು ಅಕ್ಷರದಂತೆ ಕಲಿಸತೊಡಗಿದ್ದೇವೆ. ಬೇಲಾಪುರದಲ್ಲಿಯೂ ಸುತ್ತಲಿನ ಉಪನಗರಗಳಲ್ಲಿಯೂ ಇರುವ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳಿಗೆ ನೀತಿಬೋಧೆಯ ಪುಸ್ತಕವನ್ನೇ ಮೊದಲು ಕೊಟ್ಟು ಕನ್ನಡವೆಂದರೆ ಆಕಳಿಕೆ ಬರುವಂತೆ ಮಾಡಬೇಡಿ. ರಹಸ್ಯ ಕಥೆಯೊಂದನ್ನು ಗಟ್ಟಿಯಾಗಿ ಓದಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ. ಹೋಟೆಲ್ ಮಾಲಿಕರು ಕೆಲಸಗಾರರ ಕೋಣೆಯಲ್ಲಿ ಹತ್ತು ಪುಸ್ತಕಗಳ ಒಂದು ಕಪಾಟನ್ನಿಡಲಿ. ನಮ್ಮ ಸಂಘಗಳ ವಾಚನಾಲಯಗಳೂ ಘನ ಗ್ರಂಥಗಳ ಪಕ್ಕದಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಸಂಕೋಚವಿಲ್ಲದೆ ಜಾಗ ಕೊಡಲಿ. ಮುಂದೇನಾಯಿತೆಂದು ಕೇಳುವ ಮಗು ಇರುವ ತನಕ ಈ ಊರಿನಲ್ಲಿ ಕನ್ನಡಕ್ಕೆ ಓದುಗರಿರುತ್ತಾರೆ.