ನಗುತ್ತಾ ಕಲಿತ ಇಂಗ್ಲಿಷು ಬ್ಯಾಂಕಿನ ಕೌಂಟರಿನಲ್ಲಿ ನಡೆಯುತ್ತದೆಯೆ?

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಸಂಜೆ ಬಸ್ಸಿನ ಹಿಂದಿನ ಸೀಟು. ಜವಳಿ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ಮಡಿಸಿ ಸುಸ್ತಾದ ಹುಡುಗರು ಒಂದೇ ಮೊಬೈಲಿಗೆ ತಲೆ ಸೇರಿಸಿ ಬಿದ್ದು ಬಿದ್ದು ನಗುತ್ತಾರೆ. "ಸೌಂಡ್ ಕಮ್ಮಿ ಮಾಡ್ರಪ್ಪಾ" ಎಂದು ಕಂಡಕ್ಟರು ಗದರುತ್ತಾರೆ. ಬಸ್ಸಿನಲ್ಲಿ ಮೊಬೈಲು ಜೋರಾಗಿ ಹಾಕಬಾರದೆಂದು 2021ರಲ್ಲೇ ಆದೇಶವಾಗಿದೆ. ಹುಡುಗರ ಉತ್ತರವೂ ರೆಡಿ: "ಸಿನಿಮಾ ಅಲ್ಲ ಸಾರ್, ಇಂಗ್ಲಿಷ್ ಕಲೀತಿದೀವಿ!"

ಇದು ನೆಪವೂ ಹೌದು, ನಿಜವೂ ಹೌದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಇಂಗ್ಲಿಷಿನ ಮೇಷ್ಟ್ರು ಜೇಬಿನೊಳಗೇ ಕೂತಿದ್ದಾರೆ. ಕೋಚಿಂಗ್ ಕ್ಲಾಸಿಗೆ ಫೀಜು ಕಟ್ಟಲಾಗದವನಿಗೆ ಯೂಟ್ಯೂಬಿನ ಕಾಮಿಡಿ ತುಣುಕೇ ಪಠ್ಯಪುಸ್ತಕ.

ಹಾಗೆ ನೋಡಿದರೆ ಈ ವಿದ್ಯೆ ಹಳೆಯದು. 1977ರಲ್ಲಿ ಲಂಡನ್ ವೀಕೆಂಡ್ ಟೆಲಿವಿಷನ್ 'ಮೈಂಡ್ ಯುವರ್ ಲ್ಯಾಂಗ್ವೇಜ್' ಎಂಬ ಹಾಸ್ಯ ಸರಣಿ ಶುರು ಮಾಡಿತು. ಲಂಡನ್ನಿನ ಒಂದು ಸಂಜೆ ಶಾಲೆ, ಬ್ರೌನ್ ಎಂಬ ಸಾಧು ಮೇಷ್ಟ್ರು, ದೇಶ ದೇಶದಿಂದ ಬಂದ ವಿದ್ಯಾರ್ಥಿಗಳು. ಒಬ್ಬೊಬ್ಬರ ಬಾಯಲ್ಲೂ ಇಂಗ್ಲಿಷು ಒಂದೊಂದು ಥರಾ ತಿರುಚಿಕೊಳ್ಳುತ್ತದೆ. 29 ಕಂತುಗಳಾದ ಮೇಲೆ, ಪರದೇಶದವರನ್ನು ಗೇಲಿ ಮಾಡುತ್ತದೆಂಬ ಆಕ್ಷೇಪದಿಂದ 1979ರಲ್ಲಿ ನಿಂತಿತು. 1986ರಲ್ಲಿ ಮತ್ತೊಮ್ಮೆ ಬಂತು. ಅದೇ ಧಾಟಿಯಲ್ಲಿ ನಮ್ಮ ದೂರದರ್ಶನ 1993ರಲ್ಲಿ 'ಜಬಾನ್ ಸಂಭಾಲ್ ಕೆ' ಮಾಡಿತು. ಅಲ್ಲಿ ಪಂಕಜ್ ಕಪೂರ್ ಹಿಂದಿ ಮೇಷ್ಟ್ರು. ಅಲ್ಲಿ ನಿಂತ ಸರಣಿ ಇಲ್ಲಿ ಮೊಬೈಲಿನಲ್ಲಿ ಇನ್ನೂ ಓಡುತ್ತಲೇ ಇದೆ!

ನಗುತ್ತಾ ಕಲಿತ ಮಾತು ಯಾಕೆ ಮರೆಯುವುದಿಲ್ಲ? ಒಂದು ಉದಾಹರಣೆ ತಗೊಳ್ಳಿ. ಗಿರಾಕಿ ಸೋಪು ಕೊಂಡು ನೋಟು ಕೊಟ್ಟು "ಚೇಂಜ್ ಪ್ಲೀಸ್" ಅಂತಾನೆ. ಅಂಗಡಿ ಹುಡುಗ ಸೋಪನ್ನೇ ಬದಲಾಯಿಸಿ ಬೇರೆ ಕೊಡ್ತಾನೆ. ಚೇಂಜ್ ಅಂದರೆ ಬದಲಾವಣೆಯೂ ಹೌದು, ಚಿಲ್ಲರೆಯೂ ಹೌದು ಎಂಬುದು ಆ ಕ್ಷಣಕ್ಕೇ ತಲೆಗಿಳಿಯಿತು. ನಿಘಂಟು ಬಾಯಿಪಾಠ ಮಾಡಿದರೆ ಇಷ್ಟು ಹಿಡಿಯುವುದಿಲ್ಲ. ಮಾತು, ಮುಖ, ಸಂದರ್ಭ ಮೂರೂ ಒಟ್ಟಿಗೆ ಬಂದಾಗ ಪದ ಅಂಟಿಕೊಳ್ಳುತ್ತದೆ. ಉಚ್ಚಾರವೂ ಕಿವಿಗೆ ಬೀಳುತ್ತದೆ.

ಆದರೆ ಪೇಟೆಯ ಇಂಗ್ಲಿಷು ಬರೀ ಮಾತಿನದಲ್ಲ, ಅಸಲಿ ತಕರಾರು ಇರುವುದು ಇಲ್ಲಿ. ಹಲೋ, ಸಾರಿ, ಹೌ ಮಚ್ ಅನ್ನುವುದು ಬಾಯಿಯ ಇಂಗ್ಲಿಷು. ಡೆಬಿಟೆಡ್, ಓವರ್‌ಡ್ಯೂ, ನಾಮಿನಿ, ಪೆನಾಲ್ಟಿ ಇವು ಕಾಗದದ ಇಂಗ್ಲಿಷು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ಇವೆರಡನ್ನೂ ಬೇರೆ ಮಾಡಿ ತೋರಿಸಿದರು. ವಲಸೆ ಬಂದ ಮಕ್ಕಳು ಮಾತಿನ ಇಂಗ್ಲಿಷನ್ನು ಸುಮಾರು 2 ವರ್ಷದಲ್ಲಿ ಹಿಡಿದರೂ, ಓದು ಬರಹದ ಇಂಗ್ಲಿಷಿಗೆ 5ರಿಂದ 7 ವರ್ಷ ಬೇಕು ಎಂಬುದು ಅವರ ಲೆಕ್ಕ. ಸುತ್ತಲೂ ಇಂಗ್ಲಿಷೇ ಇರುವ ದೇಶದಲ್ಲಿ ಹೀಗಾದರೆ, ಬಸ್ಸಿನಲ್ಲಿ ಅರ್ಧ ಗಂಟೆ ನೋಡುವವನ ಗತಿ?

ಅಂಗಡಿಯ ಗಲ್ಲಾ ಪಕ್ಕದ ಡಬ್ಬಿ ದುಡ್ಡು ಬಂತೆಂದು ಕನ್ನಡದಲ್ಲೇ ಕೂಗುತ್ತದೆ. ದುಡ್ಡು ಹೋದ ಮೆಸೇಜು ಮಾತ್ರ ಇಂಗ್ಲಿಷಿನಲ್ಲಿ ಬಂದು ಸುಮ್ಮನೆ ಬಿದ್ದಿರುತ್ತದೆ. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಗೊತ್ತಿಲ್ಲದ ಯಜಮಾನರಿಗೆ ಯಾರೋ ಫೋನು ಮಾಡಿ "ದುಡ್ಡು ಬರ್ಬೇಕಂದ್ರೆ ಪಿನ್ ಒತ್ತಿ ಸಾರ್" ಅಂದರೆ ಒತ್ತಿಬಿಡುತ್ತಾರೆ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೇ ಬೇಕು. ಪರದೆ ಮೇಲಿನ 'ಪೇ' ಎಂಬ ಒಂದು ಮಾತು ಓದಿ ಅರ್ಥ ಮಾಡಿಕೊಂಡಿದ್ದರೆ ದಿನದ ವ್ಯಾಪಾರ ಉಳಿಯುತ್ತಿತ್ತು. ಯಾವ ಕಾಮಿಡಿಯಲ್ಲೂ ಈ ಪಾಠ ತಾನಾಗಿ ಬರುವುದಿಲ್ಲ.

ಇನ್ನೊಂದು ಅಪಾಯ ನಾಚಿಕೆಯದು. ತಪ್ಪು ಇಂಗ್ಲಿಷು ಆಡಿದವನನ್ನು ನೋಡಿ ನಕ್ಕು ನಕ್ಕು ರೂಢಿಯಾದವನಿಗೆ, ತಾನು ಬಾಯಿ ಬಿಟ್ಟರೂ ಜನ ನಗುತ್ತಾರೆಂಬ ಹೆದರಿಕೆ ಹುಟ್ಟುತ್ತದೆ. ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷು ಬಂದದ್ದು 2007ರ ಸುಮಾರಿಗೆ. ಅದಕ್ಕೂ ಮುಂಚೆ ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ತಿದ್ದಿದವರೇ ಇವತ್ತು ಗಲ್ಲಾ ಮೇಲೆ ಕೂತವರಲ್ಲಿ ಬಹಳ ಮಂದಿ. ತಪ್ಪು ಆಡುವುದು ಅವರ ದೋಷವಲ್ಲ. ತಪ್ಪು ಆಡದೆ ಯಾರಿಗೂ ಭಾಷೆ ಬಂದಿಲ್ಲ, ಬ್ರೌನ್ ಮೇಷ್ಟ್ರ ಕ್ಲಾಸಿನವರಿಗೂ ಸಹ.

ಹಾಗಾದರೆ ವಿಡಿಯೊ ಬಿಡಬೇಕೆ? ಬೇಡ. ನೋಡುವ ಕ್ರಮ ಬದಲಾಗಲಿ. ಹತ್ತು ತುಣುಕು ಒಂದೊಂದು ಸಲ ನೋಡುವ ಬದಲು ಒಂದೇ ತುಣುಕನ್ನು ಮೂರು ಸಲ ನೋಡಲಿ. ಮೊದಲು ನಗಲಿಕ್ಕೆ, ಆಮೇಲೆ ಕೆಳಗೆ ಬರುವ ಅಕ್ಷರ ಓದಲಿಕ್ಕೆ, ಕೊನೆಗೆ ಜೊತೆಗೆ ಬಾಯಿ ಬಿಟ್ಟು ಹೇಳಲಿಕ್ಕೆ. ಹೊಸ ಮಾತನ್ನು ಒಂಟಿಯಾಗಿ ಬರೆಯದೆ ವಾಕ್ಯದ ಸಮೇತ ಬರೆದಿಡಲಿ. ಅದರ ಜೊತೆಗೆ ದಿನಕ್ಕೊಂದು ಪದ ತನ್ನದೇ ಕರೆಂಟ್ ಬಿಲ್ಲಿನಿಂದ, ಬ್ಯಾಂಕಿನ ಮೆಸೇಜಿನಿಂದ ಹೆಕ್ಕಲಿ.

ಇಷ್ಟಾದರೂ ಹೊರೆಯೆಲ್ಲ ಜನರ ತಲೆ ಮೇಲೇ ಹಾಕುವುದು ನ್ಯಾಯವಲ್ಲ. ಬ್ಯಾಂಕಿನ ಫಾರಂ, ಚಲನ್ನು, ಪಾಸ್‌ಬುಕ್ಕು ಇಂಗ್ಲಿಷು, ಹಿಂದಿಯ ಜೊತೆಗೆ ಪ್ರಾಂತ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ 2015ರ ಸುತ್ತೋಲೆಯೇ ಹೇಳಿದೆ. "ಕನ್ನಡದ ಫಾರಂ ಕೊಡ್ರೀ" ಎಂದು ಕೇಳುವುದಕ್ಕೆ ಇಂಗ್ಲಿಷು ಬೇಕಿಲ್ಲ, ಧೈರ್ಯ ಸಾಕು.

ಹಿಂದಿನ ಸೀಟಿನ ಹುಡುಗರು ನಗಲಿ, ಕಲಿಯಲಿ. ಊರು ಬಂದು ಇಳಿಯುವ ಮುಂಚೆ ಇನ್‌ಬಾಕ್ಸಿನ ಆ ಒಂದು ಮೆಸೇಜನ್ನೂ ಓದಿಕೊಳ್ಳಲಿ. ಸೌಂಡು ಮಾತ್ರ ಕಮ್ಮಿ ಇರಲಿ!