ಸುಳ್ಳು ವಿಳಾಸದ ಜಾಡು

ಗಾಳ ಹಾಕುವವನು ಬರಿಯ ಮುಳ್ಳನ್ನು ನೀರಿಗೆ ಬಿಡುವುದಿಲ್ಲ. ಮೀನಿಗೆ ಯಾವುದು ಪ್ರಿಯವೋ ಅದನ್ನೇ ಮುಳ್ಳಿಗೆ ಚುಚ್ಚಿ ಬಿಡುತ್ತಾನೆ. ಅಂತರಜಾಲದಲ್ಲಿ ಸುಳ್ಳು ತಾಣವನ್ನು ಕಟ್ಟಿ, ಜನರ ಗುಟ್ಟಿನ ಸಂಖ್ಯೆಗಳನ್ನು ಅವರ ಕೈಯಿಂದಲೇ ಬರೆಸಿಕೊಳ್ಳುವ ವಂಚನೆಗೆ 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ‘ಫಿಶಿಂಗ್’ ಎಂಬ ಹೆಸರು ಬಿದ್ದುದು ಈ ಕಾರಣದಿಂದಲೇ. ನಮ್ಮ ಪಾಲಿಗೆ ‘ಗಾಳ’ ಎಂಬ ಮಾತೇ ಸಾಕು. ಎರೆ ಮಾತ್ರ ಕಾಲಕಾಲಕ್ಕೆ ಬದಲಾಗುತ್ತದೆ. 2022ರಲ್ಲಿ ‘ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ತು ಕಡಿತವಾಗುವುದು’ ಎಂಬ ಸಂದೇಶ ದೇಶದ ಅನೇಕ ರಾಜ್ಯಗಳಲ್ಲಿ ಹರಡಿತು. ಆಮೇಲೆ ವಾಹನದ ದಂಡದ ಚಲನ್ ಬಂದಿತು. ಬೇಸಾಯದ ಮನೆಗಳಿಗೆ ಬರುವ ಎರೆ ಬಹುಮಟ್ಟಿಗೆ ಪಿಎಂ ಕಿಸಾನ್ ಕಂತಿನದು.

ಗಡಿನಾಡಿನ ನಮ್ಮ ಮನೆಗಳಿಗೆ ಈ ಗಾಳದಿಂದ ಒಂದು ಹೆಚ್ಚಿನ ಅಪಾಯವಿದೆ. ಮನೆಯ ಹಿರಿಯರು ಕನ್ನಡ ಬಲ್ಲವರು; ಕಚೇರಿಯ ಕಾಗದ ತೆಲುಗಿನಲ್ಲಿ ಬರುತ್ತದೆ; ಮೊಬೈಲಿನ ಸಂದೇಶ ಇಂಗ್ಲಿಷಿನಲ್ಲಿರುತ್ತದೆ. ಅರ್ಥವಾಗದ ಕಾಗದವನ್ನು ಓದಿಸಿಕೊಳ್ಳಲು ಯಾರ ಬಳಿಗಾದರೂ ಹೋಗುವುದು ನಮ್ಮ ಹಿರಿಯರಿಗೆ ರೂಢಿಯಾಗಿಬಿಟ್ಟಿದೆ. ‘ನಾನೇ ಮಾಡಿಕೊಡುತ್ತೇನೆ, ನಿಮಗೆ ಬಂದ ಅಂಕಿಯನ್ನು ಮಾತ್ರ ಹೇಳಿ’ ಎಂದು ಫೋನಿನಲ್ಲಿ ಸವಿಯಾಗಿ ನುಡಿಯುವವನು ಅವರಿಗೆ ಉಪಕಾರಿಯಂತೆ ತೋರುವುದು ಸಹಜ. ಆದುದರಿಂದ ಅನುಮಾನದ ತಾಣವೊಂದನ್ನು ಪರೀಕ್ಷಿಸುವುದು ಹೇಗೆ, ದೂರು ಕೊಡುವುದು ಹೇಗೆ ಎಂಬುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕೆಂದು ನಾವು ಭಾವಿಸುತ್ತೇವೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ‘ನಿಮ್ಮ ಕಿಸಾನ್ ಕಂತು ತಡೆಹಿಡಿಯಲ್ಪಟ್ಟಿದೆ. ಇಂದು ರಾತ್ರಿಯೊಳಗೆ ಕೆವೈಸಿ ಮಾಡದಿದ್ದರೆ ಹೆಸರು ರದ್ದಾಗುವುದು’ ಎಂಬ ಸಂದೇಶವೂ ಅದರ ಕೆಳಗೆ ಒಂದು ಕೊಂಡಿಯೂ ಬಂದಿವೆ ಎನ್ನೋಣ. ವರ್ಷಕ್ಕೆ 6,000 ರೂಪಾಯಿಯನ್ನು 2,000ದಂತೆ ಮೂರು ಕಂತುಗಳಲ್ಲಿ ಕೊಡುವ ಈ ಯೋಜನೆಗೆ ಕೆವೈಸಿ ಬೇಕೆಂಬುದು ನಿಜ. ಎರೆ ನಿಜವಾಗಿರುವುದರಿಂದಲೇ ಮುಳ್ಳು ಕಾಣುವುದಿಲ್ಲ. ಈಗ ಏನು ಮಾಡಬೇಕು?

ಮೊದಲನೆಯದಾಗಿ, ಕೊಂಡಿಯನ್ನು ಒತ್ತಕೂಡದು. ಅದರ ಮೇಲೆ ಬೆರಳನ್ನು ತುಸು ಹೊತ್ತು ಹಾಗೆಯೇ ಇಟ್ಟರೆ ವಿಳಾಸವನ್ನು ನಕಲು ಮಾಡುವ ಅವಕಾಶ ತೋರುತ್ತದೆ. ಅದನ್ನು ನಕಲು ಮಾಡಿ, ಒಂದು ಹಾಳೆಯ ಮೇಲೆ ಅಕ್ಷರ ಬಿಡದೆ ಬರೆದುಕೊಳ್ಳಬೇಕು. ಸಂದೇಶ ಬಂದ ದಿನ, ವೇಳೆ, ಕಳುಹಿಸಿದ ಸಂಖ್ಯೆ ಇವುಗಳನ್ನೂ ಬರೆದಿಡಬೇಕು. ಪರದೆಯ ಚಿತ್ರವನ್ನು ತೆಗೆದಿರಿಸಬೇಕು. ಸಿಟ್ಟಿನಿಂದ ಸಂದೇಶವನ್ನು ಅಳಿಸಿಬಿಡುವವರೇ ಹೆಚ್ಚು. ಅಳಿಸಿದರೆ ಸಾಕ್ಷಿಯೂ ಅಳಿಯಿತು.

ಎರಡನೆಯದು, ವಿಳಾಸವನ್ನು ಓದುವ ಕ್ರಮ. ಅಂಚೆಯ ಲಕೋಟೆಯ ಮೇಲೆ ಮೊದಲು ಹೆಸರು, ಆಮೇಲೆ ಊರು, ಮಂಡಲ, ಕಡೆಗೆ ಜಿಲ್ಲೆ ಬರುತ್ತವೆ. ಕಾಗದ ಯಾವ ಜಿಲ್ಲೆಗೆ ಹೋಗಬೇಕೆಂಬುದು ಮೇಲಿನ ಸಾಲಿನಿಂದಲ್ಲ, ಕೆಳಗಿನ ಸಾಲಿನಿಂದ ನಿಶ್ಚಯವಾಗುತ್ತದೆ. ತಾಣದ ವಿಳಾಸವೂ ಹಾಗೆಯೇ. ಮೊದಲಲ್ಲಿರುವ ‘ಎಚ್‌ಟಿಟಿಪಿಎಸ್’ ಮತ್ತು ಅದರ ಜೋಡಿ ಓರೆಗೆರೆಗಳನ್ನು ಬಿಟ್ಟು, ಅನಂತರ ಬರುವ ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ನಿಜವಾದ ತಾಣ ‘ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್’. ವಂಚಕನದು ‘ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್ ಡಾಟ್ ಹೊಸಕಂತು ಡಾಟ್ ಟಾಪ್’ ಎಂದಿರಬಹುದು (ಇದು ನಾವು ತಿಳಿವಳಿಕೆಗಾಗಿ ಹೆಣೆದದ್ದು). ಎಡದಿಂದ ಓದುವವನಿಗೆ ಸರಕಾರ ಕಾಣುತ್ತದೆ. ಬಲದಿಂದ ಓದಿದರೆ ಇದರ ಯಜಮಾನ ‘ಹೊಸಕಂತು ಡಾಟ್ ಟಾಪ್’ ಎಂಬ ಹೆಸರನ್ನು ಕೊಂಡ ಯಾವನೋ ಒಬ್ಬ ಎಂಬುದು ಬಯಲಾಗುತ್ತದೆ. ತನ್ನ ಮನೆಯ ಕೋಣೆಗೆ ‘ಕಲೆಕ್ಟರ್ ಕಚೇರಿ’ ಎಂದು ಹಲಗೆ ಹಾಕಿಕೊಂಡವನು ಕಲೆಕ್ಟರನಾಗುವುದಿಲ್ಲ. ಓರೆಗೆರೆಯ ಆಚೆಗೆ ಏನು ಬರೆದಿದ್ದರೂ ಅದೂ ಅಂಥ ಹಲಗೆಯೇ.

‘ಗವ್ ಡಾಟ್ ಇನ್’ ಎಂಬ ಕೊನೆ ಸರಕಾರಿ ಸಂಸ್ಥೆಗಳಿಗೆ ಮಾತ್ರ ದೊರೆಯುವಂಥದು. ಬ್ಯಾಂಕುಗಳಿಗೂ ಇಂಥದೊಂದು ಗುರುತು ಇರಲೆಂದು ರಿಸರ್ವ್ ಬ್ಯಾಂಕು 2025ರಲ್ಲಿ ‘ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯನ್ನು ಗೊತ್ತುಪಡಿಸಿ, ಅದೇ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಯಿಸಿಕೊಳ್ಳಬೇಕೆಂದು ವಿಧಿಸಿತು. ಅದನ್ನು ನೋಂದಾಯಿಸುವ ಅಧಿಕಾರವನ್ನು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದಕ್ಕೇ ಕೊಡಲಾಯಿತು. ಬ್ಯಾಂಕಿನ ಹೆಸರಿನಲ್ಲಿ ಬಂದ ಕೊಂಡಿಯ ಕೊನೆ ಬೇರೆಯಾಗಿದ್ದರೆ ಅಲ್ಲಿಗೇ ನಿಲ್ಲಬೇಕು.

ಅಕ್ಷರದಲ್ಲಿಯೂ ಮೋಸವುಂಟು. ಕನ್ನಡ ತೆಲುಗು ಎರಡನ್ನೂ ಓದುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ‘ಜ’ಕ್ಕೂ ತೆಲುಗಿನ ಜಕಾರಕ್ಕೂ, ನಮ್ಮ ಸೊನ್ನೆಗೂ ಅವರ ಸೊನ್ನೆಗೂ ಕಣ್ಣಿಗೆ ಭೇದ ತೋರದು, ಗಣಕಯಂತ್ರಕ್ಕಾದರೋ ಅವು ಬೇರೆ ಬೇರೆ ಅಕ್ಷರಗಳು. ಇಂಗ್ಲಿಷಿನ ‘ಎ’ ಅಕ್ಷರಕ್ಕೂ ರಷ್ಯದ ಲಿಪಿಯ ಒಂದು ಅಕ್ಷರಕ್ಕೂ ಇದೇ ಸಂಬಂಧ. 2017ರಲ್ಲಿ ಸಂಶೋಧಕರೊಬ್ಬರು ಪ್ರಸಿದ್ಧವಾದ ಆಪಲ್ ಕಂಪನಿಯ ಹೆಸರನ್ನು ರಷ್ಯದ ಲಿಪಿಯ ಅಕ್ಷರಗಳಿಂದಲೇ ನೋಂದಾಯಿಸಿ, ನೋಡುವವರಿಗೆ ಅಸಲಿಗೂ ನಕಲಿಗೂ ವ್ಯತ್ಯಾಸ ಕಾಣದೆಂದು ತೋರಿಸಿಕೊಟ್ಟರು. ಒಂದು ಎಂಬ ಅಂಕಿಯನ್ನು ‘ಎಲ್’ ಅಕ್ಷರದ ಜಾಗದಲ್ಲಿಯೂ, ಸೊನ್ನೆಯನ್ನು ‘ಓ’ ಅಕ್ಷರದ ಜಾಗದಲ್ಲಿಯೂ ಕೂರಿಸುವುದು ಇದಕ್ಕಿಂತ ಸುಲಭವಾದ ಕೈಚಳಕ. ಆದುದರಿಂದ ನಿಜವಾದ ವಿಳಾಸವನ್ನು ಸರಕಾರದ ಕಾಗದದಿಂದಲೋ ಪಾಸ್‌ಪುಸ್ತಕದಿಂದಲೋ ನೋಡಿ, ಸ್ವತಃ ಬೆರಳಚ್ಚಿಸಿ ತೆರೆಯುವುದೇ ಕ್ಷೇಮ.

ಮೂರನೆಯದು, ಹೆಸರಿನ ವಯಸ್ಸು. ತಾಣದ ಹೆಸರು ಎಂದು ನೋಂದಣಿಯಾಯಿತು, ಯಾವ ಸಂಸ್ಥೆಯ ಮೂಲಕ ಆಯಿತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಹೆಸರುಗಳ ವ್ಯವಸ್ಥೆಯನ್ನು ಜಗತ್ತಿಗೆಲ್ಲ ನಡೆಸುವ ಐಕಾನ್ ಸಂಸ್ಥೆ ತನ್ನ ತಾಣದಲ್ಲಿ ಇದಕ್ಕೆಂದೇ ಒಂದು ಹುಡುಕುಪುಟವನ್ನು ಇಟ್ಟಿದೆ. 2018ರಿಂದೀಚೆಗೆ ಕೊಂಡವನ ಹೆಸರು ಹೆಚ್ಚಾಗಿ ಮರೆಯಲ್ಲಿರುತ್ತದೆ. ಆದರೆ ನೋಂದಣಿಯ ದಿನಾಂಕ ಸಿಕ್ಕುತ್ತದೆ. ಕಿಸಾನ್ ಯೋಜನೆ ಆರಂಭವಾದುದು 2019ರ ಫೆಬ್ರವರಿಯಲ್ಲಿ. ಅದರ ತಾಣವೆಂದು ಹೇಳಿಕೊಳ್ಳುವ ಹೆಸರು ಮೂರು ದಿನಗಳ ಹಿಂದೆ ಹುಟ್ಟಿದ್ದರೆ ಬೇರೆ ಸಾಕ್ಷಿ ಏಕೆ? ಹಳೆಯ ಹೆಸರಾದರೆ ಮಾತ್ರ ನಂಬಬಹುದೆಂದು ತಿಳಿಯಬಾರದು. ಇತರರ ಹಳೆಯ ತಾಣಕ್ಕೆ ಕನ್ನ ಹಾಕಿ ಅದರೊಳಗೆ ಗಾಳವನ್ನು ಬಚ್ಚಿಡುವವರೂ ಇದ್ದಾರೆ.

ನಾಲ್ಕನೆಯದು, ಬೀಗದ ಗುರುತು. ವಿಳಾಸದ ಪಕ್ಕದಲ್ಲಿ ಬೀಗವಿದ್ದರೆ ತಾಣ ಸಾಚಾ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನಾವು ಬರೆದುದನ್ನು ದಾರಿಯ ನಡುವೆ ಮತ್ತೊಬ್ಬರು ಓದಲಾರರು ಎಂಬುದಷ್ಟೇ ಅದರ ಅರ್ಥ. ದಾರಿಯ ಆ ಕೊನೆಯಲ್ಲಿ ಕುಳಿತಿರುವವನೇ ಕಳ್ಳನಾದರೆ ಬೀಗದಿಂದ ಏನು ಫಲ? ಬೀಗಕ್ಕೆ ಬೇಕಾದ ಪ್ರಮಾಣಪತ್ರ ಈಗ ಹಣವಿಲ್ಲದೆ ಯಾರಿಗೂ ದೊರೆಯುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ ತನ್ನ ಕ್ರೋಮ್‌ನಲ್ಲಿ 2023ರಲ್ಲಿ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತನ್ನು ಇರಿಸಿತು.

ಐದನೆಯದು, ಅದು ಏನನ್ನು ಕೇಳುತ್ತದೆ ಎಂಬುದು. ನಮಗೆ ಬರಬೇಕಾದ ಹಣಕ್ಕೆ ಯುಪಿಐ ಪಿನ್ ಬೇಕಾಗುವುದಿಲ್ಲ. ನಮ್ಮಿಂದ ಹೊರಡುವ ಹಣಕ್ಕೆ ಮಾತ್ರ ಅದು ಬೇಕು. ಈ ಒಂದು ಸೂತ್ರವನ್ನು ಮನೆಯವರೆಲ್ಲ ಬಾಯಿಪಾಠ ಮಾಡಿದರೆ ಅರ್ಧ ಗಾಳಗಳು ಬರಿಗೈಯಲ್ಲಿ ಹಿಂದಿರುಗುತ್ತವೆ. ‘ಎಪಿಕೆ’ ಎಂಬ ಕಡತವನ್ನು ಇಳಿಸಿಕೊಳ್ಳಿರೆಂದು ಹೇಳುವ ಸಂದೇಶ ಇನ್ನೂ ಕೆಟ್ಟದು. ಅದು ಫೋನಿನೊಳಗೆ ಸೇರಿದರೆ, ಬರುವ ಓಟಿಪಿಗಳನ್ನು ತಾನೇ ಓದಿ ಒಡೆಯನಿಗೆ ಮುಟ್ಟಿಸಬಲ್ಲುದು.

ಇಷ್ಟರ ಮೇಲೆಯೂ ಸಂದೇಹ ಉಳಿದರೆ ‘ವೈರಸ್‌ಟೋಟಲ್’, ‘ಯುಆರ್‌ಎಲ್‌ಸ್ಕ್ಯಾನ್’ ಎಂಬ ತಾಣಗಳಿವೆ. ನಕಲು ಮಾಡಿಟ್ಟ ವಿಳಾಸವನ್ನು ಅಲ್ಲಿ ಬರೆದರೆ ಮೊದಲನೆಯದು ಅನೇಕ ರಕ್ಷಣಾ ಸಂಸ್ಥೆಗಳ ಅಭಿಪ್ರಾಯವನ್ನು ಒಟ್ಟಿಗೆ ತೋರಿಸುತ್ತದೆ. ಎರಡನೆಯದು ನಮ್ಮ ಬದಲಿಗೆ ತಾನೇ ಪುಟವನ್ನು ತೆರೆದು ಅದರ ಚಿತ್ರವನ್ನು ಕೊಡುತ್ತದೆ. ಆದರೆ ಎರಡು ಎಚ್ಚರಿಕೆಗಳು. ಹೊಸ ಗಾಳವನ್ನು ಯಾರೂ ಇನ್ನೂ ಗುರುತಿಸದೆ ಇರಬಹುದಾದುದರಿಂದ ‘ದೋಷವಿಲ್ಲ’ ಎಂಬ ಉತ್ತರವನ್ನು ಪ್ರಮಾಣವೆಂದು ಹಿಡಿಯಬಾರದು. ಅಲ್ಲಿ ಬರೆದ ವಿಳಾಸ ಇತರರ ಕಣ್ಣಿಗೂ ಬೀಳಬಹುದಾದುದರಿಂದ, ಕೊಂಡಿಯ ಕೊನೆಯಲ್ಲಿ ನಮ್ಮ ಫೋನ್ ಸಂಖ್ಯೆಯೋ ಹೆಸರೋ ಸೇರಿದ್ದರೆ ಅಷ್ಟನ್ನು ಬಿಟ್ಟು ಬರೆಯಬೇಕು. ತರುಣರಿಗೆ ಮತ್ತೊಂದು ಮಾತು: ಕಳ್ಳನನ್ನು ಕೆಣಕಲೆಂದು ಸುಳ್ಳು ಸಂಖ್ಯೆಗಳನ್ನು ತುಂಬುವುದು, ಅವನ ತಾಣದೊಳಗೆ ನುಗ್ಗಲು ಹೋಗುವುದು ನಮ್ಮ ಕೆಲಸವಲ್ಲ. ಜಾಡು ನೋಡಿ ಊರಿಗೆ ತಿಳಿಸುವುದು ಒಂದು. ಕತ್ತಲೆಯಲ್ಲಿ ಕಳ್ಳನ ಮನೆಗೆ ನುಗ್ಗುವುದು ಇನ್ನೊಂದು.

ಇನ್ನು ದೂರಿನ ವಿಚಾರ. ಹಣ ಹೋಗಿದ್ದರೆ ಒಂದು ದಾರಿ, ಹೋಗಿಲ್ಲದಿದ್ದರೆ ಇನ್ನೊಂದು.

ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಒಂದರಿಂದ ಮತ್ತೊಂದಕ್ಕೆ ಹಾರುತ್ತ ಕೊನೆಗೆ ನಗದಾಗಿಬಿಡುತ್ತದೆ. 2021ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪೊಲೀಸರೂ ಬ್ಯಾಂಕುಗಳೂ ಒಂದೇ ಜಾಲದಲ್ಲಿರುವುದರಿಂದ, ಹಣ ಯಾವ ಖಾತೆಯನ್ನು ಮುಟ್ಟಿದೆಯೋ ಅಲ್ಲಿಯೇ ಅದನ್ನು ತಡೆಯಲು ಸಾಧ್ಯವಾಗುತ್ತದೆ. ಗಂಟೆ ಕಳೆದಷ್ಟೂ ಆ ಸಾಧ್ಯತೆ ಕಡಿಮೆಯಾಗುತ್ತದೆ. ಖಾತೆಯ ಸಂಖ್ಯೆ, ಹೋದ ಮೊತ್ತ, ವೇಳೆ, ವ್ಯವಹಾರದ ಸಂಖ್ಯೆ ಇವು ಕೈಯಲ್ಲಿರಲಿ. ಜೊತೆಗೇ ಬ್ಯಾಂಕಿಗೂ ತಿಳಿಸಬೇಕು. ಗ್ರಾಹಕನ ಅಲಕ್ಷ್ಯದಿಂದ ಗುಟ್ಟು ಹೊರಬಿದ್ದಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿಯೇ ವಿಧಿಸಿತ್ತು. ತಿಳಿಸಿದ ವೇಳೆಗೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ. ಅನಂತರ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿ ವಿವರವಾದ ದೂರನ್ನು ದಾಖಲಿಸಿ, ಸ್ವೀಕೃತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಮನೆ ಆಂಧ್ರದಲ್ಲಿ, ಖಾತೆ ಬಳ್ಳಾರಿಯಲ್ಲಿ, ಹಣ ಹೋದುದು ಎಲ್ಲಿಗೋ ಎಂಬ ಸ್ಥಿತಿ ನಮ್ಮವರಿಗೆ ಅಪರೂಪವಲ್ಲ. ‘ಇದು ನಮ್ಮ ಸರಹದ್ದಲ್ಲ’ ಎಂಬ ಮಾತಿಗೆ ಅಂಜಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಮತ್ತೊಬ್ಬರ ವೇಷ ಹಾಕಿ ಗಣಕಯಂತ್ರದ ಮೂಲಕ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮು ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ಹೇಳುತ್ತದೆ.

ಹಣ ಹೋಗದೆ ಬರಿಯ ಗಾಳ ಮಾತ್ರ ಬಂದಿದ್ದರೆ ‘ಸಂಚಾರ ಸಾಥಿ’ಯ ‘ಚಕ್ಷು’ ವಿಭಾಗಕ್ಕೆ ತಿಳಿಸಬೇಕು. 2024ರ ಮಾರ್ಚಿನಲ್ಲಿ ಆರಂಭವಾದ ಇದು ಅನುಮಾನದ ಕರೆ, ಸಂದೇಶ, ವಾಟ್ಸಾಪ್‌ಗಳ ಮೇಲಿನ ದೂರಿಗಾಗಿಯೇ ಇದೆ. ತಾಣದ ವಿಷಯವನ್ನು ಕೇಂದ್ರ ಸರಕಾರದ ‘ಸರ್ಟ್-ಇನ್’ ಸಂಸ್ಥೆಗೂ, ಗೂಗಲ್‌ನ ‘ಸೇಫ್ ಬ್ರೌಸಿಂಗ್’ ವಿಭಾಗಕ್ಕೂ ತಿಳಿಸಬಹುದು. ಗೂಗಲ್ ಅದನ್ನು ಒಪ್ಪಿದರೆ, ಆಮೇಲೆ ಆ ತಾಣಕ್ಕೆ ಹೋಗುವವರ ಪರದೆಯ ಮೇಲೆ ಕೆಂಪು ಎಚ್ಚರಿಕೆ ಮೂಡುತ್ತದೆ. ಹೆಸರನ್ನು ನೋಂದಾಯಿಸಿದ ಸಂಸ್ಥೆಗೂ ಬರೆಯಬೇಕು; ಅದರ ದೂರಿನ ಮಿಂಚಂಚೆ ವಿಳಾಸ ಐಕಾನ್‌ನ ಹುಡುಕುಪುಟದಲ್ಲಿಯೇ ಸಿಕ್ಕುತ್ತದೆ. ಸಾಕಷ್ಟು ಸಾಕ್ಷಿಯುಳ್ಳ ದೂರು ಬಂದರೆ ಅಂಥ ಸಂಸ್ಥೆಗಳು ಗಾಳವನ್ನು ತಡೆಯಲು ಕ್ರಮ ಕೈಗೊಳ್ಳಲೇಬೇಕೆಂದು ಐಕಾನ್ 2024ರ ಏಪ್ರಿಲ್‌ನಿಂದ ಕರಾರಿನಲ್ಲಿಯೇ ಸೇರಿಸಿದೆ.

‘ಸಾಕ್ಷಿಯುಳ್ಳ’ ಎಂಬ ಮಾತನ್ನು ಗಮನಿಸಬೇಕು. ‘ಈ ತಾಣ ಮೋಸದ್ದು, ಮುಚ್ಚಿ’ ಎಂಬ ಒಂದು ಸಾಲು ದೂರಾಗಲಾರದು. ಪೂರ್ತಿ ವಿಳಾಸ, ಕಂಡ ದಿನ ಮತ್ತು ವೇಳೆ, ಯಾವ ಸಂಖ್ಯೆಯಿಂದ ಬಂದಿತು, ಯಾರ ವೇಷ ಹಾಕಿದೆ, ನಿಜವಾದ ತಾಣ ಯಾವುದು, ಅದು ಏನನ್ನು ಕೇಳುತ್ತದೆ ಎಂಬ ಆರು ಸಂಗತಿಗಳನ್ನು ಬರೆದು, ಚಿತ್ರವನ್ನು ಲಗತ್ತಿಸಿದರೆ ಓದಿದ ಅಧಿಕಾರಿಗೆ ಕೆಲಸ ಸುಲಭವಾಗುತ್ತದೆ. ಎಂಟನೆಯ ತರಗತಿಯ ಮಗು ಬರೆಯಬಲ್ಲ ಪತ್ರವಿದು. ಮನೆಯ ಹಿರಿಯರು ಕನ್ನಡದಲ್ಲಿ ಹೇಳಲಿ, ಮಕ್ಕಳು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲಿ. ಮೂರು ಭಾಷೆಗಳ ಮನೆ ಇಲ್ಲಿಯವರೆಗೆ ವಂಚಕನಿಗೆ ಅನುಕೂಲವಾಗಿತ್ತು. ಇನ್ನು ನಮಗೆ ಅನುಕೂಲವಾಗಲಿ. ನೆರೆಯವರನ್ನು ಎಚ್ಚರಿಸುವಾಗ ಮಾತ್ರ ಆ ಕೊಂಡಿಯನ್ನೇ ಮುಂದೆ ಕಳುಹಿಸಬಾರದು. ಎಚ್ಚರಿಕೆಯನ್ನು ಓದದೆ ಕೊಂಡಿಯನ್ನೇ ಒತ್ತುವವರಿರುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ನಾಚಿಕೆ. ಹಣ ಕಳೆದುಕೊಂಡ ಹಿರಿಯರು ಮಕ್ಕಳಿಗೆ ಹೇಳುವುದಿಲ್ಲ. ಸೊಸೆ ಅತ್ತೆಗೆ ಹೇಳುವುದಿಲ್ಲ. ಓದಿದವರು ‘ನಾನೂ ಮೋಸಹೋದೆ’ ಎಂದು ಯಾರಿಗೂ ಹೇಳುವುದಿಲ್ಲ. ಆ ಮೌನದಲ್ಲಿ ಕಳೆಯುವ ಒಂದು ರಾತ್ರಿಯೇ ಕಳ್ಳನಿಗೆ ಬೇಕಾದದ್ದು. ಅದೇ ತಾಣ ಮರುದಿನ ಪಕ್ಕದ ಬೀದಿಯ ಮತ್ತೊಂದು ಮನೆಯನ್ನು ತಟ್ಟುತ್ತದೆ. ಆದುದರಿಂದ ಮನೆಯಲ್ಲಿ ಯಾರಾದರೂ ಬಂದು ‘ಹೀಗಾಯಿತು’ ಎಂದಾಗ ಗದರಿಸಬಾರದು. ಬುದ್ಧಿವಾದಕ್ಕೆ ನಾಳೆ ಸಮಯವಿದೆ. ಹಣವನ್ನು ತಡೆಯುವುದಕ್ಕೆ ಇರುವುದು ಈ ಗಂಟೆ ಮಾತ್ರ. ಓದುಗ ಬಾಂಧವರು ಈ ಪುಟವನ್ನು ಮುಚ್ಚುವ ಮೊದಲು 1930 ಎಂಬ ಅಂಕಿಯನ್ನು ದೊಡ್ಡದಾಗಿ ಬರೆದು, ಮನೆಯ ಗೋಡೆಯಲ್ಲಿ ಪಂಚಾಂಗದ ಪಕ್ಕಕ್ಕೆ ಅಂಟಿಸಬೇಕೆಂದು ನಮ್ಮ ವಿಜ್ಞಾಪನೆ.